ಹುಲ್ಲುಬೆಟ್ಟದ ಕಾಲುದಾರಿ

ಸಂಕ್ರಾಂತಿಯ ಸುಮಾರಿನಲ್ಲಿ ಚುಂಚನಕಟ್ಟೆಯಲ್ಲಿ ಸೇರುವ ದನಗಳ ಜಾತ್ರೆಯನ್ನು ಕಾಣದವರು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಕಡೆ ಕಡಮೆ. ಒಳ್ಳೆಯ ಜೋಡಿಯೊಂದನ್ನು ಹುಡುಕಿಕೊಂಡು ಬಂದ ರೈತನೂ, ಕೋದಂಡರಾಮನ ದರ್ಶನಕ್ಕೆಂದು ಬಂದ ಗೃಹಿಣಿಯೂ, ಬರಿಯ ತಿರುಗಾಟಕ್ಕೆ ಬಂದ ಹುಡುಗರೂ ಕೊನೆಗೆ ಹೋಗಿ ನಿಲ್ಲುವುದು ಒಂದೇ ಕಡೆ. ಕಾವೇರಿ ಕವಲಾಗಿ ಸುಮಾರು ಅರವತ್ತು ಅಡಿ ಕೆಳಕ್ಕೆ ಧುಮುಕುವ ಬಂಡೆಯ ಬಳಿ ಅವರೆಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ. ಆ ಹೊತ್ತಿಗೆ ಮುಂಗಾರು ಮುಗಿದು ಮೂರು ನಾಲ್ಕು ತಿಂಗಳಾಗಿರುತ್ತದೆ. ಹಿಂಗಾರೂ ಹಿಂದೆ ಸರಿದಿರುತ್ತದೆ. ಆದರೂ ಮಳೆ ತಕ್ಕಷ್ಟು ಬಿದ್ದ ವರ್ಷ ಹೊಳೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ.

ಈ ನೀರು ಎಲ್ಲಿಂದ ಬಂತು? ತಲಕಾವೇರಿಯಿಂದ ಎಂಬ ಉತ್ತರ ಎಲ್ಲರ ನಾಲಗೆಯ ತುದಿಯಲ್ಲಿದೆ. ಆದರೆ ತಲಕಾವೇರಿಯ ಕುಂಡಿಕೆಯನ್ನು ಕಂಡವರಿಗೆ ಗೊತ್ತು, ಅದೊಂದು ಪುಟ್ಟ ಕುಂಡ. ಪುಣ್ಯಕ್ಕೆ ಅದು ಸಾಕು, ಹೊಳೆಗೆ ಸಾಲದು. ಅಣೆಕಟ್ಟಿನಿಂದ ಬಿಟ್ಟ ನೀರಿರಬಹುದೆ? ಹಾರಂಗಿಗೆ ಅಣೆಕಟ್ಟು ಉಂಟು, ನಿಜ. ಆದರೆ ಚುಂಚನಕಟ್ಟೆಯಿಂದ ಮೇಲಕ್ಕೆ ಕಾವೇರಿಯ ಮುಖ್ಯ ಪಾತ್ರದಲ್ಲಿ ದೊಡ್ಡ ಜಲಾಶಯ ಯಾವುದೂ ಇಲ್ಲ. ಹಾಗಾದರೆ ಆಷಾಢದ ಮಳೆಯನ್ನು ಪುಷ್ಯದವರೆಗೆ ಕೂಡಿಟ್ಟು, ದಿನಕ್ಕಿಷ್ಟರಂತೆ ಅಳೆದು ಕೊಡುವವರು ಯಾರು? ಕೊಡಗಿನ ಎತ್ತರದ ಬೆಟ್ಟಗಳ ಕಾಡು, ಮತ್ತು ಆ ಕಾಡಿನ ನೆತ್ತಿಯ ಮೇಲಿರುವ ಹುಲ್ಲು. ಆ ಹುಲ್ಲುಬೆಟ್ಟಗಳಿಗೆ ಹೋಗುವ ಕಾಲುದಾರಿಗಳ ವಿಚಾರವಾಗಿ ನಾಲ್ಕು ಮಾತು ಹೇಳುವುದು ಇಂದಿನ ಈ ಭಾಷಣದ ಉದ್ದೇಶ.

ಮೊದಲು ನಮ್ಮ ಹೊಳೆಗಳ ಗುರುತು ಹಿಡಿಯೋಣ. ಚುಂಚನಕಟ್ಟೆಗೆ ಬರುವುದು ತಲಕಾವೇರಿಯ ಸುತ್ತಿನ ಬೆಟ್ಟಗಳ ನೀರು ಮತ್ತು ಪುಷ್ಪಗಿರಿಯ ಸೀಮೆಯಲ್ಲಿ ಹುಟ್ಟಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುವ ಹಾರಂಗಿಯ ನೀರು. ಹುಣಸೂರಿನ ಪೇಟೆಯ ಪಕ್ಕದಲ್ಲಿ ಹರಿಯುವುದು ಲಕ್ಷ್ಮಣತೀರ್ಥ. ಅದು ಹುಟ್ಟುವುದು ಕೊಡಗಿನ ದಕ್ಷಿಣದ ಅಂಚಿನಲ್ಲಿ, ಇರ್ಪುವಿನ ಮೇಲಣ ಬ್ರಹ್ಮಗಿರಿಯಲ್ಲಿ. ಹೆಗ್ಗಡದೇವನಕೋಟೆಯ ಕಪಿಲೆ, ಅಂದರೆ ಕಬಿನಿ, ವಯನಾಡಿನ ಹೊಳೆಗಳು ಕೂಡಿ ಆದದ್ದು. ತಲಕಾವೇರಿಯ ಬೆಟ್ಟಕ್ಕೂ ಬ್ರಹ್ಮಗಿರಿ ಎಂದೇ ಹೆಸರು. ಇರ್ಪುವಿನ ಬೆಟ್ಟಕ್ಕೂ ಅದೇ ಹೆಸರು. ಎರಡೂ ಬೇರೆ ಬೇರೆ. ನಾನಿಲ್ಲಿ ಮುಖ್ಯವಾಗಿ ಹೇಳಲಿರುವುದು ಇರ್ಪುವಿನ ಬ್ರಹ್ಮಗಿರಿಯನ್ನು ಕುರಿತು. ನಮ್ಮ ಕಡೆಯವರಿಗೆ ಅದೇ ಹತ್ತಿರದ ಹುಲ್ಲುಬೆಟ್ಟಗಳಲ್ಲೊಂದು.

ಈ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,608 ಮೀಟರು ಎತ್ತರದಲ್ಲಿದೆ. ಕೊಡಗು ಮತ್ತು ವಯನಾಡುಗಳ ಗಡಿ ಅದರ ಬೆನ್ನಿನ ಮೇಲೆಯೇ ಹಾದುಹೋಗುತ್ತದೆ. ಬಡಗಣ ಇಳಿಜಾರಿನ ಮೇಲೆ ಬಿದ್ದ ಹನಿ ಇರ್ಪುವಿನ ಜಲಪಾತದಲ್ಲಿ ಧುಮುಕಿ, ಹನಗೋಡಿನ ಅಣೆಯನ್ನು ದಾಟಿ, ಹುಣಸೂರನ್ನು ಹಾದು, ಸಾಗರಕಟ್ಟೆಯ ಹತ್ತಿರ ಕೃಷ್ಣರಾಜಸಾಗರವನ್ನು ಸೇರುತ್ತದೆ. ಅಲ್ಲಿಂದ ಗೇಣುದೂರದಲ್ಲಿ, ತೆಂಕಣ ಇಳಿಜಾರಿನ ಮೇಲೆ ಬಿದ್ದ ಹನಿ ತಿರುನೆಲ್ಲಿಯ ಕಡೆಗೆ ಇಳಿದು ಕಬಿನಿಯ ಪಾಲಾಗುತ್ತದೆ. ಹೆಗ್ಗಡದೇವನಕೋಟೆಯ ಜಲಾಶಯವನ್ನು ಕಂಡು, ನಂಜನಗೂಡನ್ನು ಹಾದು, ತಿರುಮಕೂಡಲಿನಲ್ಲಿ ಅದು ಮತ್ತೆ ತನ್ನ ಜೊತೆಗಾರನನ್ನು ಕೂಡುತ್ತದೆ. ಮೈಸೂರು ಜಿಲ್ಲೆಯ ಬಹುಭಾಗವನ್ನು ಎರಡು ತೋಳಿನಿಂದ ಬಳಸಿದ ಬೆಟ್ಟ ಇದು ಎಂದರೆ ತಪ್ಪಾಗಲಾರದು.

ಹುಲ್ಲುಬೆಟ್ಟ ಎಂದರೆ ಏನು? ದೂರದಿಂದ ನೋಡಿದರೆ ಅದು ಬೋಳುಗುಡ್ಡ. ಹತ್ತಿರ ಹೋದರೆ ಮೊಣಕಾಲುದ್ದ, ಕೆಲವು ಕಡೆ ಎದೆಯುದ್ದ ಹುಲ್ಲು. ಬೆಟ್ಟದ ಮೈಯೆಲ್ಲ ಹುಲ್ಲಾದರೆ, ಅದರ ಮಡಿಲಿನಲ್ಲಿ, ನೀರು ಜಿನುಗುವ ಸಂದಿಗಳಲ್ಲಿ, ಒತ್ತಾಗಿ ಬೆಳೆದ ಗಿಡ್ಡ ಮರಗಳ ನಿತ್ಯಹಸಿರು ಕಾಡು. ಈ ಕಾಡಿಗೆ ಶೋಲಾ ಎಂದು ಹೆಸರು. ಹುಲ್ಲು ಎಲ್ಲಿಗೆ ನಿಲ್ಲುತ್ತದೆ, ಕಾಡು ಎಲ್ಲಿಂದ ತೊಡಗುತ್ತದೆ ಎಂಬುದು ಹೊಲದ ಬದುವಿನ ಹಾಗೆ ಸ್ಪಷ್ಟವಾಗಿ ಕಾಣುತ್ತದೆ. ಗಾಳಿಯ ಹೊಡೆತ, ಚಳಿ, ತೆಳುವಾದ ಮಣ್ಣು, ಬೆಂಕಿ ಇವೆಲ್ಲ ಸೇರಿ ಈ ಪಾಲುಪಟ್ಟಿಯನ್ನು ಮಾಡಿವೆ ಎಂದು ಬಲ್ಲವರು ಹೇಳುತ್ತಾರೆ.

ಮುಂಗಾರಿನ ಮಳೆ ಇಲ್ಲಿ ಸುರಿಯುವುದನ್ನು ಬಯಲುಸೀಮೆಯವರು ಊಹಿಸುವುದು ಕಷ್ಟ. ಅಂಥ ಮಳೆ ಬರಿಯ ಮಣ್ಣಿನ ಮೇಲೆ ಬಿದ್ದರೆ ಬೆಟ್ಟವೇ ಕರಗಿ ಹೋಗಬೇಕು. ಹುಲ್ಲಿನ ಗರಿ ಹನಿಯ ಪೆಟ್ಟನ್ನು ತಡೆಯುತ್ತದೆ. ಹೆಣೆದುಕೊಂಡ ಬೇರು ಮಣ್ಣನ್ನು ಹಿಡಿಯುತ್ತದೆ. ಓಡುವ ನೀರು ನಿಧಾನಿಸಿ ಒಳಕ್ಕೆ ಇಂಗುತ್ತದೆ. ಕೆಳಗೆ ಶೋಲಾ ಕಾಡಿನಲ್ಲಿ ತಲೆಮಾರುಗಳಿಂದ ಎಲೆ ಉದುರಿ ಕೊಳೆತು, ನೆಲ ಒದ್ದೆಯ ಗೋಣಿತಾಟಿನಂತೆ ಮೆತ್ತಗಿರುತ್ತದೆ. ಅದು ನೀರನ್ನು ಕುಡಿದು, ಮಳೆ ನಿಂತ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಸಂಕ್ರಾಂತಿಯ ಜಾತ್ರೆಯಲ್ಲಿ ನಾವು ನೋಡುವ ನೀರಿನಲ್ಲಿ ಇಂಥ ಉಳಿತಾಯದ ಪಾಲು ಬಹಳ ಉಂಟು.

ಈ ಲೆಕ್ಕ ತಿಳಿಯದವರು ಹುಲ್ಲುಬೆಟ್ಟವನ್ನು ಬೀಳುಭೂಮಿ ಎಂದು ಎಣಿಸಿದ್ದುಂಟು. ಬ್ರಿಟಿಷರ ಕಾಲದಲ್ಲಿ ನೀಲಗಿರಿಯ ಮೇಲೂ ಕೊಡೈಕಾನಲ್ಲಿನ ಮೇಲೂ ಇಂಥ ಹುಲ್ಲುಗಾವಲುಗಳನ್ನು ಕಿತ್ತು, ಆಸ್ಟ್ರೇಲಿಯದಿಂದ ತಂದ ನೀಲಗಿರಿ ಮರವನ್ನೂ ವ್ಯಾಟಲ್ ಮರವನ್ನೂ ನೆಟ್ಟರು. ಸ್ವಾತಂತ್ರ್ಯಾನಂತರವೂ ಆ ಕೆಲಸ ನಿಲ್ಲಲಿಲ್ಲ. ಸೌದೆ ಸಿಕ್ಕಿತು, ಕಾರ್ಖಾನೆಗೆ ಕಚ್ಚಾಮಾಲು ಸಿಕ್ಕಿತು. ಆದರೆ ನೀಲಗಿರಿ ತೋಪು ಬೆಳೆದಂತೆ ಹಳ್ಳಗಳ ನೀರು ಇಳಿಯಿತೆಂದು ಅಲ್ಲಿಯೇ ನಡೆದ ಅಧ್ಯಯನಗಳು ತೋರಿಸಿವೆ. ಮರ ನೆಡುವುದು ಒಳ್ಳೆಯ ಕೆಲಸವೇ. ಆದರೆ ಮನೆಯ ಅಂಗಳದಲ್ಲಿ ನೆಡುವ ಗಿಡವನ್ನು ದೇವರ ಕೋಣೆಯಲ್ಲಿ ಯಾರೂ ನೆಡುವುದಿಲ್ಲ. ಹುಲ್ಲು ಇರತಕ್ಕ ಕಡೆ ಹುಲ್ಲೇ ಇರಬೇಕು.

ಹೊರದೇಶದ ಒಂದು ಉದಾಹರಣೆಯನ್ನು ನೋಡಬಹುದು. ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ ಡಾರ್ಟ್‌ಮೂರ್ ಎಂಬ ಎತ್ತರದ ಬಯಲಿದೆ. 1951ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಯೂ ಹುಲ್ಲು, ಕುರುಚಲು, ಮಂಜು. ಅಲ್ಲಿಯೂ ಒದ್ದೆ ನೆಲ ನೀರು ಹಿಡಿದಿಟ್ಟು ಡಾರ್ಟ್ ಮೊದಲಾದ ಹೊಳೆಗಳನ್ನು ಹಡೆಯುತ್ತದೆ. ಅಲ್ಲಿನ ಸಾಮೂಹಿಕ ಹುಲ್ಲುಗಾವಲುಗಳ ಮೇಲೆ ಯಾರು ಬೇಕಾದರೂ ನಡೆಯಬಹುದೆಂದು 1985ರಲ್ಲಿ ಕಾನೂನೇ ಆಯಿತು. ಕೈಯಲ್ಲಿ ನಕ್ಷೆ, ದಿಕ್ಸೂಚಿ ಹಿಡಿದು ಹೊರಟರೆ ಕೇಳುವವರಿಲ್ಲ. ಹಾಗಾದರೆ ನಮಗೇಕೆ ಇಷ್ಟು ಕಟ್ಟುಪಾಡು ಎಂದು ನಮ್ಮ ತರುಣರು ಕೇಳುವುದುಂಟು. ಡಾರ್ಟ್‌ಮೂರಿನಲ್ಲಿ ನಡೆಯುವವನಿಗೆ ಎದುರಾಗುವುದು ಕುರಿ ಮತ್ತು ಕುದುರೆಮರಿ. ನಮ್ಮಲ್ಲಿ ಎದುರಾಗುವುದು ಆನೆ, ಕಾಟಿ, ಹುಲಿ. ದಾರಿ ಅವುಗಳದ್ದು; ನಾವು ಅದನ್ನು ಒಂದು ಹಗಲಿಗೆ ಕಡ ಪಡೆಯುವವರು.

ಇದೇ ಕಾರಣದಿಂದ ನಾಗರಹೊಳೆಯ ಮಾತನ್ನು ಬೇರೆಯಾಗಿ ಹೇಳಬೇಕು. 1955ರಲ್ಲಿ ಅಭಯಾರಣ್ಯವಾಗಿ ತೊಡಗಿ, ಅನಂತರ ರಾಷ್ಟ್ರೀಯ ಉದ್ಯಾನವಾಗಿ ಬೆಳೆದ ಈ ಕಾಡಿನ ವಿಸ್ತಾರ 643 ಚದರ ಕಿಲೋಮೀಟರು. ಇದರ ಹುಲ್ಲು ಬೆಟ್ಟದ ಮೇಲಿಲ್ಲ, ತಗ್ಗಿನಲ್ಲಿದೆ. ಕಾಡಿನ ನಡುವೆ ನೀರು ನಿಂತು ಹುಲ್ಲು ಬೆಳೆಯುವ ಜೌಗು ತಗ್ಗುಗಳಿಗೆ ಹಡ್ಲು ಎನ್ನುತ್ತಾರೆ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ಕಾಕನಕೋಟೆಯ ಕಡೆ ಹೊಸ ಹುಲ್ಲು ಚಿಗುರುತ್ತದೆ; ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಇದು ಪ್ರವಾಸಿಗಳು ನಡೆದು ತಿರುಗತಕ್ಕ ಜಾಗವಲ್ಲ. ಇಲ್ಲಿ ಪ್ರವಾಸಿಗಳಿಗೆ ಇರುವುದು ಸಫಾರಿ ಮಾತ್ರ. ಅದೂ ಸದಾ ಇರುವುದಿಲ್ಲ. 2025ರ ನವೆಂಬರಿನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿಯ ದಾಳಿಯಿಂದ ರೈತರು ಪ್ರಾಣ ಕಳೆದುಕೊಂಡಾಗ, ನಾಗರಹೊಳೆ ಮತ್ತು ಬಂಡೀಪುರಗಳಲ್ಲಿ ಸಫಾರಿಯನ್ನು ನಿಲ್ಲಿಸಲು ಸರ್ಕಾರ ಆಜ್ಞೆ ಮಾಡಿತು. ಹೊಲದಲ್ಲಿ ದುಡಿಯುವವನ ಜೀವಕ್ಕೆ ಭಯವಿರುವಾಗ ನೋಡಬಂದವನ ಸಂತೋಷ ಸ್ವಲ್ಪ ಕಾಯಬಹುದು.

ನಾಗರಹೊಳೆಯಲ್ಲಿ ಕಾಲುದಾರಿಗಳೇ ಇರಲಿಲ್ಲವೆ? ಇದ್ದುವು. ಜೇನುಕುರುಬರು, ಬೆಟ್ಟಕುರುಬರು, ಯರವರು ಹಾಡಿಯಿಂದ ಹಾಡಿಗೆ, ಜೇನಿನ ಮರದಿಂದ ಗೆಣಸಿನ ಬಳ್ಳಿಗೆ, ದೇವರ ಬನಕ್ಕೆ ನಡೆದು ಮಾಡಿದ ದಾರಿಗಳು ಅವು. 1974ರಲ್ಲಿ ಕಬಿನಿ ಅಣೆಕಟ್ಟು ಬಂತು, ಉದ್ಯಾನ ಬಂತು, ಹಾಡಿಗಳು ಹೊರಕ್ಕೆ ಬಂದವು. ಹುಣಸೂರು ತಾಲ್ಲೂಕಿನ ನಾಗಾಪುರ ಮೊದಲಾದ ಕಡೆ ಪುನರ್ವಸತಿಯ ಊರುಗಳಾದುವು. ಹೈಕೋರ್ಟು ನೇಮಿಸಿದ, ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿಯವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಹೀಗೆ ನೆಲೆ ಕಳೆದುಕೊಂಡ ಕುಟುಂಬಗಳ ಸಂಖ್ಯೆ 3,418 ಎಂದಿದೆ. 2006ರ ಅರಣ್ಯ ಹಕ್ಕು ಕಾಯಿದೆಯ ಆಧಾರದ ಮೇಲೆ ಇವರು ತಮ್ಮ ಹಕ್ಕನ್ನು ಕೇಳುತ್ತ ಬಂದಿದ್ದಾರೆ. ನಾವು ಒಂದು ದಿನದ ಉಲ್ಲಾಸಕ್ಕೆಂದು ಕಾಡಿನ ದಾರಿ ಕೇಳುವಾಗ, ಆ ದಾರಿಯಲ್ಲಿ ಹುಟ್ಟಿ ಬೆಳೆದವರು ಇನ್ನೂ ಬಾಗಿಲಲ್ಲಿ ನಿಂತಿದ್ದಾರೆ ಎಂಬುದನ್ನು ಮರೆಯಲಾಗದು. ಇಂದಿಗೂ ಈ ಕಾಡಿನಲ್ಲಿ ಬೆಂಕಿ ಕಾಯುವವರಲ್ಲಿ, ಆನೆ ಪಳಗಿಸುವವರಲ್ಲಿ, ಹುಲಿಯ ಹೆಜ್ಜೆ ಗುರುತಿಸುವವರಲ್ಲಿ ಅನೇಕರು ಇದೇ ಜನ. ಬೆಟ್ಟದ ದಾರಿಯಲ್ಲಿ ಕಾವಲುಗಾರನೊಬ್ಬ ‘ಇಲ್ಲಿ ನಿಲ್ಲಬೇಡಿ ಸ್ವಾಮಿ, ನಡೀರಿ’ ಎಂದರೆ, ಅದು ಬರಿಯ ಅಧಿಕಾರದ ಮಾತಲ್ಲ. ಅವನ ಮೂಗಿಗೆ ಆನೆಯ ವಾಸನೆ ಬಂದಿರುತ್ತದೆ.

ಈಗ ಬ್ರಹ್ಮಗಿರಿಯ ದಾರಿಗೆ ಬರೋಣ. ಹುಣಸೂರಿನಿಂದ ಆನೆಚೌಕೂರು, ತಿತಿಮತಿ, ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲಗಳ ಮೇಲೆ ಹೋದರೆ ಇರ್ಪು ಸಿಕ್ಕುತ್ತದೆ. ಅಲ್ಲಿ ರಾಮೇಶ್ವರ ದೇವಸ್ಥಾನವಿದೆ. ಶಿವರಾತ್ರಿಗೆ ಜನ ಕಿಕ್ಕಿರಿದು ಬರುತ್ತಾರೆ. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಬಾಯಾರಿತೆಂದೂ, ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟು ನೀರು ತರಿಸಿದನೆಂದೂ ಸ್ಥಳದ ಕಥೆ. ಚುಂಚನಕಟ್ಟೆಯಲ್ಲಿಯೂ ಬಂಡೆಗೆ ಬಾಣ ಬಿಟ್ಟು ನೀರು ತಂದ ಕಥೆಯನ್ನೇ ಹೇಳುತ್ತಾರಲ್ಲವೆ? ನೀರಿನ ಮೂಲ ಬೆಟ್ಟದ ಒಳಗಿದೆ ಎಂಬುದನ್ನು ನಮ್ಮ ಹಿರಿಯರು ತಮ್ಮ ರೀತಿಯಲ್ಲಿ ನೆನಪಿಟ್ಟಿದ್ದರೆಂದು ಕಾಣುತ್ತದೆ.

ದೇವಸ್ಥಾನದಿಂದ ಸ್ವಲ್ಪ ಮೇಲೆ ಸುಮಾರು 170 ಅಡಿಯ ಜಲಪಾತ. ಬಹಳ ಮಂದಿ ಇಲ್ಲಿಂದಲೇ ಹಿಂದಿರುಗುತ್ತಾರೆ. ಮುಂದಿನದು ಬ್ರಹ್ಮಗಿರಿ ಅಭಯಾರಣ್ಯ. 1974ರಲ್ಲಿ ಘೋಷಣೆಯಾದ ಈ ಅಭಯಾರಣ್ಯದ ಒಳಕ್ಕೆ ಇಲಾಖೆಯ ಅನುಮತಿ ಮತ್ತು ಮಾರ್ಗದರ್ಶಕನಿಲ್ಲದೆ ಕಾಲಿಡಬಾರದು. ನೆತ್ತಿಗೆ ಸುಮಾರು ಒಂಬತ್ತು ಕಿಲೋಮೀಟರು. ಹೋಗಿ ಬರಲು ಇಡೀ ದಿನ ಬೇಕು. ಆದ್ದರಿಂದ ಬೆಳಗ್ಗೆ ಬೇಗ ಹೊರಡಬೇಕು. ಮೊದಲು ದಟ್ಟವಾದ ಕಾಡು, ಹಳ್ಳದ ಸದ್ದು, ಕತ್ತಲೆ. ಅನಂತರ ಒಮ್ಮೆಲೇ ಬೆಳಕು. ಹುಲ್ಲಿನ ಏರು ತೊಡಗುತ್ತದೆ. ದಾರಿಯ ನಡುವೆ ನರಿಮಲೆಯ ಅರಣ್ಯ ಶಿಬಿರ. ಅಲ್ಲಿಂದ ಮೇಲಕ್ಕೆ ಒಂದು ಮಡಿಲು ಶೋಲಾ, ಒಂದು ಬೆನ್ನು ಹುಲ್ಲು, ಹೀಗೆಯೇ ಸಾಗಿ ಕೊನೆಯ ಏರು ಸಾಕಷ್ಟು ಕಡಿದಾಗಿದೆ. ಮೇಲೆ ನಿಂತರೆ ತೆಂಕಲಿಗೆ ವಯನಾಡು, ಬಡಗಲಿಗೆ ಕೊಡಗಿನ ಕಾಫಿಯ ತೋಟಗಳು, ಮೂಡಲಿಗೆ ನಾಗರಹೊಳೆಯ ಕಾಡು. ಕೇರಳದ ಕಡೆ ಇಳಿಯುವವರಿಗೆ ಆ ರಾಜ್ಯದ ಅನುಮತಿ ಬೇರೆಯಾಗಿ ಬೇಕು.

ಇನ್ನೂ ಎರಡು ದಾರಿಗಳುಂಟು. ಕೊಡಗಿನ ಅತಿ ಎತ್ತರದ ಬೆಟ್ಟವಾದ 1,748 ಮೀಟರಿನ ತಡಿಯಂಡಮೋಳಿಗೆ ಕಕ್ಕಬ್ಬೆಯ ಕಡೆಯಿಂದ, 1792ರಲ್ಲಿ ಕಟ್ಟಿದ ನಾಲ್ಕುನಾಡು ಅರಮನೆಯ ಪಕ್ಕದಿಂದ ಹತ್ತಬಹುದು. 1,712 ಮೀಟರಿನ ಪುಷ್ಪಗಿರಿಗೆ, ಅಂದರೆ ಕುಮಾರಪರ್ವತಕ್ಕೆ, ಕುಕ್ಕೆ ಸುಬ್ರಹ್ಮಣ್ಯದಿಂದಲೂ ಸೋಮವಾರಪೇಟೆಯ ಕಡೆಯಿಂದಲೂ ದಾರಿ ಇದೆ. ಈ ಎರಡನೆಯದರಲ್ಲಿ 2024ರ ಜನವರಿಯಲ್ಲಿ ನಡೆದದ್ದು ಎಲ್ಲರಿಗೂ ಎಚ್ಚರಿಕೆಯಾಗತಕ್ಕದ್ದು. ಸಾಲು ರಜೆಯೆಂದು ಒಂದೇ ಸಲಕ್ಕೆ ಸಾವಿರಾರು ಮಂದಿ ಬೆಟ್ಟಕ್ಕೆ ನುಗ್ಗಿದರು. ಕಾಲುದಾರಿ ಜಾತ್ರೆಯ ಬೀದಿಯಾಯಿತು. ಅದರ ಪರಿಣಾಮವಾಗಿ ರಾಜ್ಯದ ಅನೇಕ ಚಾರಣ ಮಾರ್ಗಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿ, ಮುಂಗಡವಾಗಿ ಹೆಸರು ನೋಂದಾಯಿಸುವ, ದಿನಕ್ಕೆ ಇಷ್ಟೇ ಮಂದಿ ಎಂದು ಮಿತಿ ಇಡುವ ಕ್ರಮವನ್ನು ತಂದಿತು. ಹುಲ್ಲಿನ ಮೇಲೆ ಹತ್ತು ಮಂದಿ ನಡೆದರೆ ಜಾಡು. ಸಾವಿರ ಮಂದಿ ನಡೆದರೆ ಕೊರಕಲು. ಮುಂದಿನ ಮಳೆಯಲ್ಲಿ ಆ ಕೊರಕಲಿನೊಳಗೆ ನೀರು ಓಡುತ್ತದೆ, ಇಂಗುವುದಿಲ್ಲ. ಆದ್ದರಿಂದ ಈ ಮಿತಿಯನ್ನು ಕಿರುಕುಳವೆಂದು ಭಾವಿಸಬಾರದು. ಹೊರಡುವ ಮೊದಲು ಮಾರ್ಗ ತೆರೆದಿದೆಯೆ ಎಂದು ಇಲಾಖೆಯಲ್ಲಿ ವಿಚಾರಿಸಿ, ಹೆಸರು ಬರೆಸಿಯೇ ಹೊರಡಬೇಕು.

ಕಾಲ ಯಾವುದು ಒಳ್ಳೆಯದು? ಮಳೆಗಾಲದಲ್ಲಿ ಬೇಡ. 2018ರಲ್ಲಿ ಮತ್ತು 2020ರಲ್ಲಿ ಆಗಸ್ಟ್ ತಿಂಗಳ ಮಳೆಗೆ ಕೊಡಗಿನ ಬೆಟ್ಟಗಳು ಕುಸಿದು ಜೀವಹಾನಿಯಾದದ್ದು ನೆನಪಿರಲಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿಯ ಭಯ. ಆಗ ಸಾಮಾನ್ಯವಾಗಿ ದಾರಿ ಮುಚ್ಚುತ್ತಾರೆ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನ ಕೊನೆಯಿಂದ ಜನವರಿಯವರೆಗೆ ತಕ್ಕ ಕಾಲ. ಕುಡಿಯುವ ನೀರು, ಬುತ್ತಿ, ಬೆಚ್ಚನೆಯ ಒಂದು ಅಂಗಿ, ಹಿಡಿತವುಳ್ಳ ಪಾದರಕ್ಷೆ, ಗಾಯಕ್ಕೆ ಹಚ್ಚುವ ಔಷಧಿ ಇಷ್ಟು ಸಾಕು. ನೆಲ ಒದ್ದೆಯಿದ್ದರೆ ಇಂಬಳ ಕಾಲಿಗೆ ಹತ್ತುತ್ತದೆ. ಅದಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪಿನ ಪುಡಿ ಮದ್ದು. ಹುಣಸೂರು, ಪಿರಿಯಾಪಟ್ಟಣಗಳವರಿಗೆ ಹೊಗೆಸೊಪ್ಪಿಗೇನು ಬರವೆ?

ಹೊಗೆಸೊಪ್ಪಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡಬೇಕು. ಹಸಿ ಎಲೆಯನ್ನು ಹದಮಾಡುವ ಬ್ಯಾರನ್ನುಗಳಿಗೆ ಸೌದೆ ಬೇಕು. ಆ ಸೌದೆಯ ಬೇಡಿಕೆ ಬಹುಕಾಲದಿಂದ ಸುತ್ತಣ ಮರಗಳ ಮೇಲೆ ಭಾರವಾಗಿ ಕೂತಿದೆ. ರೈತನನ್ನು ದೂರಿ ಪ್ರಯೋಜನವಿಲ್ಲ. ಆ ಬೆಳೆಯಿಂದ ಅವನ ಮನೆ ನಡೆಯುತ್ತದೆ. ಆದರೆ ಹೊಲದ ಬದುವಿನಲ್ಲಿ ಸೌದೆಯ ಮರ ಬೆಳೆಸುವುದೂ, ಬ್ಯಾರನ್ನಿನ ಶಾಖ ಸೋರದಂತೆ ಸರಿಪಡಿಸಿಕೊಳ್ಳುವುದೂ ಅವನ ಕೈಯಲ್ಲಿಯೇ ಇರುವ ಕೆಲಸ. ಕಾಡಿನ ಉಪಕಾರ ತೀರಿಸುವುದಕ್ಕೆ ಬೆಟ್ಟ ಹತ್ತಲೇಬೇಕೆಂದಿಲ್ಲ.

ಬೆಟ್ಟದಲ್ಲಿ ನಡೆಯುವವರು ಮುಖ್ಯವಾಗಿ ಪಾಲಿಸಬೇಕಾದದ್ದು ಮೂರು ವಿಷಯ. ಒಂದನೆಯದು ಬೆಂಕಿ. ಒಲೆ ಬೇಡ, ಬೀಡಿ ಬೇಡ, ಬೆಂಕಿಕಡ್ಡಿಯನ್ನು ಜೇಬಿನಿಂದ ತೆಗೆಯುವುದೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅಭಯಾರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಎರಡನೆಯದು ಪ್ಲಾಸ್ಟಿಕ್. ಹೊತ್ತು ಹೋದದ್ದನ್ನು ಹೊತ್ತು ತರಬೇಕು. ಆನೆಗೆ ಉಪ್ಪು ಹತ್ತಿದ ಚೀಲವೂ ತಿಂಡಿಯೇ. ಮೂರನೆಯದು ಸದ್ದು. ಹಾಡು ಕೇಳುವ ಯಂತ್ರವನ್ನು ಮನೆಯಲ್ಲಿ ಬಿಟ್ಟು ಬರುವುದು ಲೇಸು. ರೇಡಿಯೋದಲ್ಲಿ ಮಾತಾಡುತ್ತ ಹೀಗೆ ಹೇಳುವುದು ವಿಚಿತ್ರವಾಗಿ ಕಂಡರೂ, ಬೆಟ್ಟದಲ್ಲಿ ಕಿವಿ ತೆರೆದಿರಬೇಕು. ಆನೆ ಕಣ್ಣಿಗೆ ಬೀಳುವ ಮೊದಲು ಬಿದಿರು ಮುರಿಯುವ ಸದ್ದಾಗಿ ಕಿವಿಗೆ ಬೀಳುತ್ತದೆ.

ಎಲ್ಲರೂ ಬ್ರಹ್ಮಗಿರಿಯನ್ನು ಹತ್ತಬೇಕೆಂದು ನನ್ನ ಅಭಿಪ್ರಾಯವಲ್ಲ. ಎಲ್ಲರೂ ಹತ್ತಿದರೆ ಬೆಟ್ಟ ಉಳಿಯುವುದಿಲ್ಲ. ಆದರೆ ಪ್ರತಿ ಊರಿನಿಂದ, ಪ್ರತಿ ಶಾಲೆಯಿಂದ ವರ್ಷಕ್ಕೆ ನಾಲ್ಕು ಮಕ್ಕಳಾದರೂ ಗುರುಗಳ ಜೊತೆಯಲ್ಲಿ ಹೋಗಿ, ಬಂದು, ಉಳಿದವರಿಗೆ ಹೇಳುವಂತಾಗಬೇಕು. ತಮ್ಮ ಊರಿನ ನಾಲೆಯ ನೀರು ತೂಬಿನಲ್ಲಿ ಹುಟ್ಟುವುದಿಲ್ಲ, ಬೋಳುಗುಡ್ಡವೆಂದು ಕರೆಯುವ ಒಂದು ಹುಲ್ಲಿನ ಬೇರಿನಲ್ಲಿ ನಿಂತು ಬರುತ್ತದೆ ಎಂಬುದು ಅವರಿಗೆ ತಿಳಿದಿರಬೇಕು. ಮುಂದೆ ಎಂದಾದರೂ ಆ ಬೆಟ್ಟ ಬೀಳುಭೂಮಿ, ಅದನ್ನು ಬೇರೆ ಯಾವುದಕ್ಕಾದರೂ ಉಪಯೋಗಿಸೋಣ ಎಂಬ ಮಾತು ಹುಟ್ಟಿದರೆ, ‘ಅದು ಬೀಳಲ್ಲ, ಅದು ನಮ್ಮ ಕೆರೆ’ ಎಂದು ಎದ್ದು ಹೇಳಬಲ್ಲವರು ಹುಣಸೂರಿನ ಸಂತೆಯಲ್ಲಿಯೂ ಚುಂಚನಕಟ್ಟೆಯ ಜಾತ್ರೆಯಲ್ಲಿಯೂ ಇದ್ದರೆ ಸಾಕು.